ಅಂಚಿನಿಂದ ಒಳಕ್ಕೆ ಬಂದ ಕೌದಿ

ಆಟಿ ತಿಂಗಳಲ್ಲಿ ಪುಂಜಾಲಕಟ್ಟೆಯ ಮಳೆ ನೋಡಿದವರಿಗೆ ಗೊತ್ತು, ಒಮ್ಮೆ ಹಿಡಿದರೆ ಬಿಡುವ ಮಾತೇ ಇಲ್ಲ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಬರುತ್ತದೆ. ಅಂಥ ಒಂದು ರಾತ್ರಿ ಚಳಿ ತಡೆಯಲಾರದೆ ಕಪಾಟಿನಿಂದ ಕೌದಿ ತೆಗೆದೆ. ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟುಹೋಗಿತ್ತು. ಅದನ್ನು ನೋಡುತ್ತಾ ಕೂತವಳಿಗೆ ಈ ಬರಹ ಬರೆಯಬೇಕು ಅನ್ನಿಸಿತು..

ಕೌದಿ ನಮ್ಮ ಕಡೆಯ ವಸ್ತುವಲ್ಲ. ಅದು ನಮ್ಮ ಮನೆಗೆ ಬಂದ ಕತೆ ಮೊದಲು ಹೇಳಿಬಿಡುತ್ತೇನೆ.

ಬಿ.ಸಿ.ರೋಡಿನಿಂದ ಪುಂಜಾಲಕಟ್ಟೆಗೆ ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಕಾಲ. ನಮ್ಮ ಮನೆಯ ಹತ್ತಿರ ಬಾಗಲಕೋಟೆ ಕಡೆಯಿಂದ ಬಂದ ಕೆಲಸದವರ ನಾಲ್ಕಾರು ತಗಡಿನ ಗುಡಿಸಲುಗಳಿದ್ದವು. ಅಲ್ಲಿನ ಹೆಂಗಸರು ನಮ್ಮ ಬಾವಿಯಿಂದ ನೀರು ಒಯ್ಯುತ್ತಿದ್ದರು. ಒಂದು ದಿನ ಅಂಗಳದಲ್ಲಿ ಅಮ್ಮನ ಸೀರೆಗಳನ್ನು ಬಿಸಿಲಿಗೆ ಹಾಕಿದ್ದೆ. ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಉಡುವವರಿಲ್ಲ, ಯಾರಿಗಾದರೂ ಕೊಡಲು ಮನಸ್ಸಿಲ್ಲ, ಪೆಟ್ಟಿಗೆಯಲ್ಲಿಟ್ಟರೆ ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ. ನೀರಿಗೆ ಬಂದ ಒಬ್ಬಾಕೆ ಕೊಡ ಕೆಳಗಿಟ್ಟು ಒಂದು ಸೀರೆಯ ಸೆರಗನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಅಕ್ಕಾರ, ಹತ್ತಿ ಸೀರಿ ಅದಾವು. ಹಿಂಗ ಇಟ್ರ ಹುಳ ತಿಂತಾವು. ಕೌದಿ ಹೊಲದು ಕೊಡ್ಲೇನ್ರೀ?"

ನಾನು ಓದಿದವಳಲ್ಲವೇ! ಸುಮ್ಮನೆ ಹೂಂ ಅನ್ನಲಿಲ್ಲ. ಮೊಬೈಲಿನಲ್ಲಿ ಅಮೆರಿಕದ ತೇಪೆ ಹೊದಿಕೆಯೊಂದರ ಚಿತ್ರ ತೋರಿಸಿ, ಇದೇ ಥರ ಬೇಕು ಅಂದೆ. ನಡುವೆ ಒಂದು ಸಣ್ಣ ಕೆಂಪು ಚೌಕ, ಅದರ ಸುತ್ತ ಪಟ್ಟಿ, ಮತ್ತೆ ಅದರ ಸುತ್ತ ಪಟ್ಟಿ. ಅವರು ಅದಕ್ಕೆ ಲಾಗ್ ಕ್ಯಾಬಿನ್ ಅನ್ನುತ್ತಾರೆ, ಅಂದರೆ ಮರದ ದಿಮ್ಮಿಯ ಮನೆ. ಆಕೆ ತುಂಬ ಹೊತ್ತು ನೋಡಿದಳು. ಆಮೇಲೆ, "ಇದು ನಡಕಿಂದ ಹೊಂಟೈತ್ರೀ. ನಂದು ಅಂಚಿನಿಂದ ಒಳಗ ಬರತೈತಿ. ನಿಮಗ ಈ ಚಿತ್ರ ಬೇಕಂದ್ರ ಬರತೈತಿ, ಆದ್ರ ನನ್ನ ದಾರೀಲೇ ಬರತೈತಿ" ಅಂದಳು.

ಕೆಲಸ ಮುಗಿಸಿ ಬಂದು ಸಂಜೆ ಸಂಜೆ ನಮ್ಮ ಜಗಲಿಯಲ್ಲಿ ಕೂತು ಹೊಲಿದಳು. ಇಪ್ಪತ್ತು ಸಂಜೆಗಿಂತ ಹೆಚ್ಚೇ ಆಯಿತು. ಅಡಿಗೆ ಒಂದು ಇಡೀ ಸೀರೆ, ಮೇಲೆ ತುಂಡುಗಳು. ಹೊರಗಿನ ಅಂಚಿನಲ್ಲಿ ಶುರು, ಸುತ್ತು ಹಾಕುತ್ತ ಹಾಕುತ್ತ ನಡುವಿಗೆ. ಒಂದು ತುಂಡು ಇಟ್ಟು, ಅಂಚು ಮಡಿಸಿ, ಅಡಿಯ ಸೀರೆಯವರೆಗೂ ಸೂಜಿ ಇಳಿಸಿ ಉದ್ದಕ್ಕೆ ಸಾಲು ಹೊಲಿಗೆ. ಅದು ಮುಗಿಯುವ ಮೊದಲೇ ಪಕ್ಕದ ತುಂಡು. ಅಳತೆಪಟ್ಟಿ ಇಲ್ಲ, ಗುರುತು ಇಲ್ಲ. ಕೊನೆಗೆ ನಡುವೆ ಅಂಗೈಯಷ್ಟು ಜಾಗ ಉಳಿಯಿತು. "ಕೆಂಪಂದು ಎಲ್ಲೈತ್ರೀ?" ಅಂತ ಕೇಳಿ ಅಮ್ಮನ ಮದುವೆ ಕಾಲದ ಸೀರೆಯ ಚೌಕ ತಗೊಂಡಳು. ಅದನ್ನು ಮುಚ್ಚುವ ಮೊದಲು ನಾಲ್ಕು ಕಾಳು ಅಕ್ಕಿ ಕೇಳಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ, ಇದ್ದರೆ ಹೊದ್ದವರ ಹೊಟ್ಟೆಯೂ ಖಾಲಿಯಂತೆ. ನಮ್ಮಲ್ಲಿರುವುದು ಕುಚ್ಚಲಕ್ಕಿ. ಕೆಂಪು ಕೆಂಪಾದ ದಪ್ಪ ಕಾಳು ನೋಡಿ ನಕ್ಕು, "ನಡೀತೈತಿ ಬಿಡ್ರೀ, ಇದೂ ಅಕ್ಕೀನ" ಅಂದಳು.

ಮೊಬೈಲಿನ ಚಿತ್ರವೇ ಬಂದಿತ್ತು, ಆದರೆ ಒಳಗಿಂದ ಹೊರಗೆ ಬೆಳೆಯುವ ಮನೆ ಇಲ್ಲಿ ಹೊರಗಿಂದ ಒಳಗೆ ಬಂದು ಒಲೆಯ ಹತ್ತಿರ ಕೂತಿತ್ತು.

*

ಆಮೇಲೆ ಈ ವಿಷಯ ನನ್ನನ್ನು ಬಿಡಲಿಲ್ಲ. ಓದುತ್ತಾ ಹೋದಂತೆ ಒಂದು ತುಂಡಿಗೆ ಇನ್ನೊಂದು ತುಂಡು ಸಿಕ್ಕುತ್ತಾ ಹೋಯಿತು. ಇನ್ನು ಮುಂದಿನದು ಇತಿಹಾಸ, ಸ್ವಲ್ಪ ತಾಳ್ಮೆ ಇರಲಿ :)

ಮೊದಲನೆಯದು, ಅಮೆರಿಕದ ತೇಪೆ ಹೊದಿಕೆಯ ಬೇರಿನಲ್ಲೂ ನಮ್ಮ ಬಟ್ಟೆ ಇದೆ. 17ನೇ ಶತಮಾನದಲ್ಲಿ ಭಾರತದ ಬಣ್ಣದ ಅಚ್ಚಿನ ಹತ್ತಿಬಟ್ಟೆ, ಅವರು ಚಿಂಟ್ಜ್ ಅನ್ನುವ ನಮ್ಮ ಛೀಂಟು, ಇಂಗ್ಲೆಂಡಿನಲ್ಲಿ ಹುಚ್ಚು ಹಿಡಿಸಿತ್ತು. ಒಗೆದರೂ ಬಣ್ಣ ಹೋಗದ ಬಟ್ಟೆ ಅವರಿಗೆ ಹೊಸದು. ಅಲ್ಲಿನ ಉಣ್ಣೆ ಮತ್ತು ರೇಷ್ಮೆ ನೇಕಾರರು ಗಲಾಟೆ ಮಾಡಿದರು. 1700ರಲ್ಲಿ ಒಂದು ಕಾನೂನು, 1721ರಲ್ಲಿ ಇನ್ನೊಂದು ಬಿಗಿಯಾದ ಕಾನೂನು ಬಂದು ಅಚ್ಚಿನ ಹತ್ತಿಬಟ್ಟೆಗೆ ತಡೆ ಬಿತ್ತು. ಸಿಗದ ವಸ್ತುವಿನ ಚಿಂದಿಯೂ ಚಿನ್ನವೇ ಅಲ್ಲವೇ? ಇಂಗ್ಲೆಂಡಿನಲ್ಲಿ ಉಳಿದಿರುವ ತೀರಾ ಹಳೆಯ ತೇಪೆ ಹೊದಿಕೆಗಳಲ್ಲಿ ಒಂದು ಲೆವೆನ್ಸ್ ಹಾಲ್ ಎಂಬ ಮನೆಯಲ್ಲಿದೆ, ಕಾಲ ಸುಮಾರು 1700ರ ಆಸುಪಾಸು. ಅದರ ತುಂಡುಗಳು ಭಾರತದ ಛೀಂಟಿನವು. ನಾನು 'ಅಮೆರಿಕದ್ದು' ಅಂತ ಮೊಬೈಲಿನಲ್ಲಿ ತೋರಿಸಿದ ಕಲೆಯ ಅಜ್ಜಿ ನಮ್ಮ ಸಮುದ್ರ ದಾಟಿ ಹೋದವಳು!

ಅಮೆರಿಕಕ್ಕೆ ಹೋದ ಮೇಲೆ ಅದು ರೂಪ ಬದಲಿಸಿತು. ಇಡೀ ಹೊದಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಲಿಯುವುದು ಕಷ್ಟ. ಹಾಗಾಗಿ ಒಂದೊಂದು ಚೌಕವನ್ನು ಬೇರೆಯಾಗಿ ಹೊಲಿದು, ಕೊನೆಗೆ ಎಲ್ಲವನ್ನೂ ಜೋಡಿಸುವ ಪದ್ಧತಿ 19ನೇ ಶತಮಾನದಲ್ಲಿ ಬೆಳೆಯಿತು. ಆ ಚೌಕಗಳಿಗೆ ಹೆಸರುಗಳೂ ಬಂದವು: ಒಂಬತ್ತು ತುಂಡಿನದು, ಕರಡಿಯ ಪಾದ, ಹಾರುವ ಬಾತು. ಲಾಗ್ ಕ್ಯಾಬಿನ್ ಜನಪ್ರಿಯವಾದದ್ದು 1860ರ ದಶಕದಲ್ಲಿ. ದಿಮ್ಮಿಯ ಮನೆಯಲ್ಲಿ ಹುಟ್ಟಿದ ಅಬ್ರಹಾಂ ಲಿಂಕನ್ ಅಧ್ಯಕ್ಷನಾದ ಕಾಲ. ನಡುವಿನ ಕೆಂಪು ಚೌಕ ಮನೆಯ ಒಲೆ ಅನ್ನುವವರಿದ್ದಾರೆ.

1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ. ಇಲ್ಲಿಂದ ಕತೆ ನೇರವಾಗಿ ನಮ್ಮ ಕನ್ನಡ ನಾಡಿಗೆ ಬರುತ್ತದೆ.

*

ಲ್ಯಾಂಕಾಶೈರಿನ ಗಿರಣಿಗಳು ನಡೆಯುತ್ತಿದ್ದದ್ದು ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿಯಿಂದ. ಅದನ್ನು ಬೆಳೆಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. ಯುದ್ಧದಿಂದ ಆ ಹತ್ತಿ ನಿಂತಾಗ ಗಿರಣಿ ಮಾಲೀಕರ ಕಣ್ಣು ಬಿದ್ದದ್ದು ಧಾರವಾಡದ ಕರಿನೆಲದ ಮೇಲೆ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1840ರ ದಶಕದಲ್ಲಿ, ಬ್ರಿಟಿಷರು ನ್ಯೂ ಆರ್ಲಿಯನ್ಸ್ ತಳಿಯ ಬೀಜ ತಂದು ಧಾರವಾಡದಲ್ಲಿ ಬಿತ್ತಿಸಿದ್ದರು. 'ಧಾರವಾಡ ಅಮೆರಿಕನ್' ಎಂಬ ಹೆಸರಿನಲ್ಲೇ ಆ ಹತ್ತಿ ಮಾರಾಟವಾಗುತ್ತಿತ್ತು. ಯುದ್ಧ ಬಂದಾಗ ಅದರ ಬೆಲೆ ಆಕಾಶಕ್ಕೇರಿತು.

ಹತ್ತಿ ಇದ್ದರೆ ಸಾಲದು, ಹಡಗಿಗೆ ಮುಟ್ಟಬೇಕು. ಹತ್ತಿರದ ಬಂದರು ಕಾರವಾರ. ಆದರೆ ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿ, ಕಾರವಾರ ಮದರಾಸು ಪ್ರಾಂತದಲ್ಲಿ. ಮುಂಬಯಿಯ ವ್ಯಾಪಾರಿಗಳ ಒತ್ತಾಯವೂ ಸೇರಿ 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಸೇರಿತು. ನಮ್ಮ ಬಂಟ್ವಾಳ, ಮೂಡುಬಿದಿರೆಗಳೆಲ್ಲ ದಕ್ಷಿಣ ಕನ್ನಡವಾಗಿ ಮದರಾಸಿನಲ್ಲೇ ಉಳಿದವು. ಒಂದೇ ಕೆನರಾ ಆಗಿದ್ದ ನಾವು ಮತ್ತು ಅವರು ಬೇರೆ ಬೇರೆ ಪ್ರಾಂತದವರಾದದ್ದರಲ್ಲಿ ಹತ್ತಿಯ ಪಾಲೂ ಇದೆ. 1956ರವರೆಗೂ ಹಾಗೇ ಇದ್ದೆವು.

ಹತ್ತಿಯ ಗಾಡಿಗಳು ಕಾರವಾರದ ಕಡೆಗೆ ಇಳಿದ ಘಟ್ಟದ ದಾರಿಗಳಲ್ಲಿ ಅರಬೈಲು ಘಟ್ಟವೂ ಒಂದು. ಅದು ಯಲ್ಲಾಪುರ ಸೀಮೆ. ಆ ಕಾಡಿನಲ್ಲಿ ಆಗಲೇ ಆಫ್ರಿಕ ಮೂಲದ ಜನ ನೆಲೆಸಿದ್ದರು. ಅವರೇ ನಮ್ಮ ಸಿದ್ದಿಯರು.

1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರು ಪೂರ್ವ ಆಫ್ರಿಕದಿಂದ, ಮೊಜಾಂಬಿಕ್ ಕಡೆಯಿಂದ, ಜನರನ್ನು ಹಿಡಿದು ತಂದು ಅಲ್ಲಿ ಮಾರುತ್ತಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಗಡಿ ದಾಟಿ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲೆಯ ಕಾಡು ಸೇರಿದರು. ಕನ್ನಡ ನಾಡಿನ ಆಫ್ರಿಕನ್ನರೆಲ್ಲ ಹೀಗೆ ಬಂದವರೇ ಅಲ್ಲ. ಬಿಜಾಪುರದ ಆದಿಲಶಾಹಿಯಲ್ಲಿ ಇಖ್ಲಾಸ್ ಖಾನನಂಥ ಹಬಶಿಗಳು ಮಂತ್ರಿ ಪದವಿಗೇರಿದ್ದರು. ಆದರೆ ಕಾಡಿನ ಸಿದ್ದಿಯರಿಗೆ ಸಿಕ್ಕಿದ್ದು ಬೇರೆಯವರ ಹೊಲದ ಕೂಲಿ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಕೊಂಕಣಿ, ಕನ್ನಡ, ಮರಾಠಿ, ಉರ್ದು ಎಲ್ಲವೂ ನಾಲಿಗೆಯ ಮೇಲೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಆ ಸಮುದಾಯದಿಂದ ಮೊದಲ ಬಾರಿಗೆ ಒಬ್ಬರು ಶಾಸಕರಾದರು.

ಈ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಇವತ್ತು ಲೋಕಪ್ರಸಿದ್ಧ. ವಿದೇಶದ ಹೊಲಿಗೆಯವರು ಅದಕ್ಕೆ 'ಕವಂದಿ' ಅನ್ನುತ್ತಾರೆ. ಅದೂ ಅಂಚಿನಲ್ಲಿ ಶುರುವಾಗಿ ಸುತ್ತು ಸುತ್ತಿ ನಡುವಿಗೆ ಬರುತ್ತದೆ! ನಾಲ್ಕು ಮೂಲೆಗಳಿಗೆ ಮಡಿಸಿದ ತ್ರಿಕೋನದ ತುಂಡುಗಳನ್ನು ಇಡುತ್ತಾರೆ. ಅವಕ್ಕೆ ಹೂವು ಅನ್ನುವ ಹೆಸರು. ಉಪಯೋಗವೇನೂ ಇಲ್ಲ, ಆದರೆ ಹೂವಿಲ್ಲದ ಕೌದಿ ಬತ್ತಲೆ ಇದ್ದ ಹಾಗಂತೆ. ಕ್ರೈಸ್ತ ಮನೆಯ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಮನೆಯದರಲ್ಲಿ ಅರ್ಧಚಂದ್ರ ಕಾಣಿಸುವುದೂ ಉಂಟು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಆಫ್ರಿಕದ ಕಲೆಯನ್ನು ದಶಕಗಳ ಕಾಲ ಓದಿದವರು. ಅವರು 2004ರ ಹೊತ್ತಿಗೆ ಸಿದ್ದಿಯರ ಊರುಗಳಿಗೆ ಬಂದು ಈ ಕೌದಿಗಳನ್ನು ನೋಡಿ, ಹೆಂಗಸರ ಸಹಕಾರ ಗುಂಪೊಂದು ಶುರುವಾಗಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನವೇ ನಡೆಯಿತು.

*

ಅಲಬಾಮ ರಾಜ್ಯದಲ್ಲಿ ನದಿಯ ತಿರುವಿನಲ್ಲಿ ಜೀಸ್ ಬೆಂಡ್ ಎಂಬ ಊರಿದೆ. 19ನೇ ಶತಮಾನದ ಆರಂಭದಲ್ಲಿ ಜೋಸೆಫ್ ಜೀ ಎಂಬಾತ ಅಲ್ಲಿ ಹತ್ತಿ ತೋಟ ಮಾಡಿದ. ಆಮೇಲೆ ಅದು ಪೆಟ್ವೇ ಎಂಬ ಮನೆತನಕ್ಕೆ ಹೋಯಿತು. ಗುಲಾಮಗಿರಿ ಹೋದ ಮೇಲೂ ಜನ ಅಲ್ಲೇ ಗೇಣಿ ಮಾಡಿಕೊಂಡು ಉಳಿದರು. ಅವರಲ್ಲಿ ಅನೇಕರ ಹೆಸರಿನ ಹಿಂದೆ ಇವತ್ತಿಗೂ ಆ ಯಜಮಾನನ ಪೆಟ್ವೇ ಇದೆ. ಅಲ್ಲಿನ ಹೆಂಗಸರು ಸವೆದ ಕೆಲಸದ ಬಟ್ಟೆ ಹರಿದು ಹೊದಿಕೆ ಹೊಲಿದರು. ಅವರ ಮೆಚ್ಚಿನ ಮಾದರಿಗೆ ಹೌಸ್‌ಟಾಪ್ ಅಂತ ಹೆಸರು. ನಡುವೆ ಚೌಕ, ಸುತ್ತ ಪಟ್ಟಿಗಳು, ಲಾಗ್ ಕ್ಯಾಬಿನ್ನಿನ ತಂಗಿ ಅನ್ನಿ. ಆದರೆ ಗೆರೆ ವಾಲುತ್ತದೆ, ಪಟ್ಟಿ ಒಂದು ಕಡೆ ದಪ್ಪ ಒಂದು ಕಡೆ ಸಪೂರ. ಹಳೆಯ ಮಾದರಿ ಕೈಲಿಟ್ಟುಕೊಂಡು ತಮಗೆ ಬೇಕಾದ ಹಾಗೆ ತಿರುಗಿಸುವುದೇ ಅವರ ಪದ್ಧತಿ. ನಮ್ಮ ಜಗಲಿಯಲ್ಲಿ ಕೂತವಳು ಹೇಳಿದ ಮಾತೂ ಅದೇ ತಾನೇ?

ಜೀಸ್ ಬೆಂಡಿನ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ನಿನ ಮ್ಯೂಸಿಯಂ ಮತ್ತು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆ ಏರಿದವು. 2006ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೆ ಬಂದವು. 2007ರಲ್ಲಿ ಆ ಹೆಂಗಸರಲ್ಲೇ ಕೆಲವರು, ನಮ್ಮ ಕೆಲಸದಿಂದ ಬಂದ ಹಣದಲ್ಲಿ ನಮಗೆ ಸಿಕ್ಕಬೇಕಾದದ್ದು ಸಿಕ್ಕಿಲ್ಲ ಅಂತ ಕೋರ್ಟಿಗೆ ಹೋದರು. ಮುಂದಿನ ವರ್ಷ ರಾಜಿಯಾಯಿತು.

ಹಾಗಾದರೆ ಅಲಬಾಮದಲ್ಲೂ ಯಲ್ಲಾಪುರದಲ್ಲೂ ಆಫ್ರಿಕದ ನೆನಪೇ ಹೊಲಿಗೆಯಾಯಿತೇ? ಹಾಗೆ ಹೇಳಲು ಬಾಯಿ ತುರಿಸುತ್ತದೆ, ಕತೆ ಚೆಂದ ಇದೆ. ಬಣ್ಣಗಳನ್ನು ಎದುರುಬದುರು ಇಡುವ ಧೈರ್ಯ, ತಾಳ ತಪ್ಪಿಸಿ ಮತ್ತೆ ಹಿಡಿಯುವ ರೀತಿ ಎರಡು ಕಡೆಯೂ ಇದೆ. ಡ್ರೂವಾಲ್ ಕೂಡ ಆಫ್ರಿಕದ ಕಲೆಯ ಜೊತೆ ಇದರ ಹೋಲಿಕೆ ತೋರಿಸುತ್ತಾರೆ. ಆದರೆ ಹುಷಾರಾಗಿರಬೇಕು. 1999ರಲ್ಲಿ ಅಮೆರಿಕದಲ್ಲಿ ಒಂದು ಪುಸ್ತಕ ಬಂದು, ಓಡಿಹೋಗುವ ಗುಲಾಮರಿಗೆ ದಾರಿ ತೋರಿಸಲು ಹೊದಿಕೆಗಳಲ್ಲಿ ಗುಪ್ತ ಸಂಕೇತ ಹೊಲಿಯುತ್ತಿದ್ದರು ಅಂತ ಹೇಳಿತು. ಎಲ್ಲರಿಗೂ ಇಷ್ಟವಾಯಿತು, ಶಾಲೆಗಳಲ್ಲಿ ಪಾಠವೂ ಆಯಿತು. ಇತಿಹಾಸಕಾರರು ಹುಡುಕಿದರೆ ಅದಕ್ಕೆ ಆಧಾರವೇ ಇಲ್ಲ!

ನಮ್ಮ ಕಡೆಯೂ ಅಷ್ಟೇ. ಸಿದ್ದಿಯರ ಮಗ್ಗುಲಲ್ಲೇ ಧಾರವಾಡ, ಬೆಳಗಾವಿ ಸೀಮೆಯ ಕೌದಿ ಇದೆ, ಅದರಾಚೆ ಮಹಾರಾಷ್ಟ್ರದ ಗೋಧಡಿ ಇದೆ. ಇಳಕಲ್ಲು ಸೀರೆ, ಗುಳೇದಗುಡ್ಡದ ಖಣ, ಹಳೆ ಧೋತರ, ಎಲ್ಲವೂ ಸವೆದ ಮೇಲೆ ಕೌದಿ ಸೇರುತ್ತವೆ. ಸುಗ್ಗಿ ಮುಗಿದ ಬೇಸಿಗೆಯಲ್ಲಿ ಓಣಿಯ ಹೆಂಗಸರು ಸುತ್ತ ಕೂತು ಹೊಲಿಯುತ್ತಾರೆ. ನಮ್ಮ ಮನೆಯ ಕೌದಿ ಹೊಲಿದವಳು ಸಿದ್ದಿಯವಳಲ್ಲ, ಆದರೂ ಅಂಚಿನಿಂದಲೇ ಒಳಗೆ ಬಂದಳು. ನನಗನ್ನಿಸುವುದು ಇಷ್ಟು: ಸೂಜಿ, ದಾರ, ಸಾಲು ಹೊಲಿಗೆ ನೆರೆಹೊರೆಯವು. ಅದರ ಮೇಲೆ ತಮ್ಮ ಕಣ್ಣು, ತಮ್ಮ ತಾಳ ತಂದವರು ಸಿದ್ದಿ ಹೆಂಗಸರು. ಕೊಟ್ಟವರು ಯಾರು, ತಗೊಂಡವರು ಯಾರು ಅಂತ ಹೊಲಿಗೆ ಬಿಚ್ಚಿ ಬೇರೆ ಮಾಡಲು ಹೋದರೆ ಕೈಲಿ ಉಳಿಯುವುದು ಚಿಂದಿ ಮಾತ್ರ.

*

ನಮ್ಮ ಕರಾವಳಿಯಲ್ಲಿ ಕೌದಿ ಯಾಕೆ ಬೆಳೆಯಲಿಲ್ಲ? ಬಟ್ಟೆ ಗೊತ್ತಿಲ್ಲದ ಊರೇನಲ್ಲ ಇದು. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಹಾಲರ್ ಎಂಬಾತ ಖಾಕಿ ಬಣ್ಣ ತಯಾರಿಸಿದ್ದು ಎಲ್ಲರಿಗೂ ಗೊತ್ತಿರುವ ಕತೆ. ಆದರೆ ಇಷ್ಟು ದಪ್ಪದ ಹೊದಿಕೆ ನಮ್ಮ ಮಳೆಯಲ್ಲಿ ಒಣಗುವುದು ಯಾವಾಗ? ನಮಗೆ ಮುಂಡೇವಿನ ಓಲೆಯ ಚಾಪೆ, ಹೊದೆಯಲು ಅಜ್ಜಿಯ ಹಳೆ ಸೀರೆ, ಹೆಚ್ಚೆಂದರೆ ಘಟ್ಟದ ಮೇಲಿನಿಂದ ಬಂದ ಕರಿ ಕಂಬಳಿ. ಇನ್ನೊಂದು ನನ್ನ ಊಹೆ. ಬಂಟ್ವಾಳ, ಬೆಳ್ತಂಗಡಿ ಕಡೆಯ ಹೆಂಗಸರ ಕೈ ಖಾಲಿ ಇದ್ದದ್ದು ಯಾವಾಗ? ನನ್ನ ಅಮ್ಮನ ಮಡಿಲಲ್ಲಿ ಸದಾ ಇದ್ದದ್ದು ಬೀಡಿಯ ತಡ್ಪೆ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ದಾರ ಕಟ್ಟಿ, ಸಂಜೆಯೊಳಗೆ ಬ್ರಾಂಚಿಗೆ ಮುಟ್ಟಿಸಬೇಕು. ಅಲ್ಲಿ ಸಾವಿರಕ್ಕೆ ಇಷ್ಟು ಅಂತ ಲೆಕ್ಕ. ಕೆಟ್ಟ ಬೀಡಿ ಅಂತ ಹೇಳಿ ಒಂದಿಷ್ಟನ್ನು ತೆಗೆದು ಬಿಸಾಡಿ ಲೆಕ್ಕ ಕಡಿಮೆ ಮಾಡಿದಾಗ ಅಮ್ಮ ಏನೂ ಮಾತಾಡದೆ ಮನೆಗೆ ಬರುತ್ತಿದ್ದಳು. ಆ ಸೀರೆಗಳನ್ನೆಲ್ಲ ಅವಳು ತಗೊಂಡದ್ದು ಆ ದುಡ್ಡಿನಲ್ಲೇ.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಇತಿಹಾಸದ ಹಿಂದೆ ಅಡಗಿಕೊಂಡು ಅದನ್ನು ಮುಂದೆ ಹಾಕುತ್ತಾ ಬಂದೆ.

ಕೌದಿ ಮುಗಿದ ದಿನ ಆಕೆ ಸಾವಿರದ ಐನೂರು ಕೇಳಿದಳು. ನಾನು ಸಾವಿರದ ಇನ್ನೂರು ಕೊಟ್ಟೆ. ಸೀರೆ ನಮ್ಮದೇ ಅಲ್ವಾ, ದಾರ ನಾನೇ ತಂದೆ ಅಲ್ವಾ ಅಂತ ವಾದವನ್ನೂ ಮಾಡಿದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, "ಆತ ಬಿಡ್ರೀ" ಅಂತ ದುಡ್ಡು ಸೆರಗಿಗೆ ಕಟ್ಟಿಕೊಂಡಳು. ಬ್ರಾಂಚಿನಿಂದ ಬರುವಾಗ ಅಮ್ಮನ ಮುಖ ಹಾಗೇ ಇರುತ್ತಿತ್ತು ಅಂತ ನನಗೆ ಆಗ ಹೊಳೆಯಲಿಲ್ಲ. ಜೀಸ್ ಬೆಂಡಿನವರು ಕೋರ್ಟಿಗೆ ಹೋದದ್ದನ್ನು ಓದಿ, ಪಾಪ ಎಂಥ ಅನ್ಯಾಯ ಅಂತ ಅಂದುಕೊಳ್ಳುವಾಗ ಥಟ್ಟನೆ ಹೊಳೆಯಿತು. ಅಷ್ಟು ಹೊತ್ತಿಗೆ ರಸ್ತೆಯ ಕೆಲಸ ಮುಗಿದು ಗುಡಿಸಲುಗಳು ಎದ್ದುಹೋಗಿದ್ದವು. ಎಲ್ಲಿಗೆ ಅಂತ ಸುತ್ತಮುತ್ತ ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ. ಆ ಮುನ್ನೂರು ರೂಪಾಯಿ ನನ್ನ ಹತ್ತಿರವೇ ಉಳಿಯಿತು.

ಹೊರಡುವ ಮೊದಲು ಆಕೆ ಒಂದು ಸಣ್ಣ ಗಂಟು ಕೊಟ್ಟಿದ್ದಳು. ಅಮ್ಮನ ಸೀರೆಗಳಲ್ಲಿ ಉಳಿದ ಪಟ್ಟಿಗಳು, ಒಂದನ್ನೂ ಬಿಸಾಡದೆ ಸುರುಳಿ ಸುತ್ತಿ ದಾರ ಕಟ್ಟಿದ್ದಳು. "ಮುಂದ ಹರಿತೈತಲ್ರೀ, ತೇಪಿ ಹಾಕ್ಕೋರಿ" ಅಂದಿದ್ದಳು.

ಮೊನ್ನೆ ರಾತ್ರಿ ಆ ಗಂಟು ಬಿಚ್ಚಿದೆ. ಹೊಲಿಗೆ ಬಿಟ್ಟ ಮೂಲೆಗೆ ಅಮ್ಮನ ಒಂದು ಹಸಿರು ಪಟ್ಟಿ ಇಟ್ಟು, ಅಂಚು ಮಡಿಸಿ ನಾನೇ ಹೊಲಿದೆ. ಬೆರಳಿಗೆ ಎರಡು ಸಲ ಸೂಜಿ ಚುಚ್ಚಿತು. ನನ್ನ ಹೊಲಿಗೆ ಕುಂಟುತ್ತದೆ, ಆಕೆಯದು ಪಕ್ಕದಲ್ಲೇ ಸಾಲಾಗಿ ಹೋಗುತ್ತದೆ, ಯಾರು ನೋಡಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಇರಲಿ.

ನಿಮ್ಮ ಊರಿನಲ್ಲಿ ಕೌದಿಗೆ ಏನನ್ನುತ್ತಾರೆ? ಕೊನೆಯ ತುಂಡಿನ ಕೆಳಗೆ ಏನು ಇಡುತ್ತಾರೆ? ನೆನಪಿದ್ದವರು ಬರೆಯಿರಿ. ಮತ್ತೆ, ಯಾರಾದರೂ ನಿಮ್ಮ ಅಂಗಳಕ್ಕೆ ಬಂದು ಕೌದಿ ಹೊಲಿದು ಕೊಡ್ಲಾ ಅಂತ ಕೇಳಿದರೆ, ದಯವಿಟ್ಟು ಚೌಕಾಸಿ ಮಾಡಬೇಡಿ.